ಕೆಳಗಿನ ಬದು

ಮಾರ್ಚ್ 26, ಗುರುವಾರ

ಮೂರನೇ ದಿನವೂ ಕಾಲುಚೀಲ ಒಣಗಲಿಲ್ಲ. ಒಲೆಯ ಮೇಲೆ ಕಟ್ಟಿದ ದಾರದಲ್ಲಿ ನನ್ನವು ಎರಡು ಜೊತೆ, ಎಜೆಯದು ಒಂದೇ ಒಂದು. ಅವರ ಇನ್ನೊಂದು ಕಾಲು ಮೊಣಕಾಲಿನವರೆಗೆ ಪ್ಲಾಸ್ಟರಿನೊಳಗಿದೆ. ಫೆಬ್ರವರಿಯಲ್ಲಿ ಬಾವಿಯ ಹತ್ತಿರ ಮಂಜುಗಡ್ಡೆಯ ಮೇಲೆ ಜಾರಿದ್ದು.

ಸೊನುನ್ ಎಜೆ ನನಗೆ ಅಪ್ಪನ ಅಕ್ಕ. ಎಜೆ ಎಂದರೆ ಇಲ್ಲಿ ಅಕ್ಕ; ಊರೆಲ್ಲ ಹಾಗೆ ಕರೆಯುವುದರಿಂದ ನಾನೂ ಎಜೆ ಅನ್ನುತ್ತೇನೆ. ಅಮ್ಮ ನನ್ನನ್ನು ಇಲ್ಲಿಗೆ ಕಳಿಸುವಾಗ ಹೇಳಿದ್ದು ಇಷ್ಟೇ: "ಸಾಹಿತ್ಯ ಓದಿ ಮುಗಿಸಿದ್ದೀಯ, ಹೇಗೂ ಖಾಲಿ ಕೂತಿದ್ದೀಯ. ಹೋಗಿ ತರಕಾರಿ ತೋಟ ನೋಡ್ಕೋ." ತೋಟ ನನ್ನನ್ನು ನೋಡಿಕೊಳ್ಳುವ ಹಾಗೆ ಕಾಣುತ್ತಿಲ್ಲ.

ನೀರು ತರಲು ಪಾಪ್ಲರ್ ಮರಗಳ ಹಿಂದಿನ ದಾರಿಯಲ್ಲಿ ಹೋಗಿಬಂದೆ. ಸುತ್ತು ಜಾಸ್ತಿ, ಕೆಸರೂ ಜಾಸ್ತಿ. ಆದರೆ ಬೀದಿಯ ಬಾಗಿಲುಗಳಿಲ್ಲ, ಹೇಗಿದ್ದೀರಿ, ಮನೆಯವರು ಹೇಗಿದ್ದಾರೆ, ದನ ಹೇಗಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ.

ಏಪ್ರಿಲ್ 2, ಗುರುವಾರ

ರಾತ್ರಿ ಮಳೆ, ಬೆಳಿಗ್ಗೆ ಹಿಮ, ಮಧ್ಯಾಹ್ನ ಎರಡೂ ಅಲ್ಲದ ಏನೋ ಒಂದು. ಏಪ್ರಿಕಾಟ್ ಮೊಗ್ಗುಗಳು ಕಪ್ಪಗಾಗಿವೆ. ಎದುರಿನ ಸರೋವರ ಇದೆಯೋ ಇಲ್ಲವೋ ತಿಳಿಯದಷ್ಟು ಮೋಡ.

ಎಜೆ ಕಿಟಕಿಯ ಪಕ್ಕ ಕೌದಿ ಹೊದ್ದು ಮಲಗಿ ಗಾಜಿಗೆ ಚಮಚ ಬಡಿಯುತ್ತಾರೆ. ಒಂದು ಸಲ ಬಡಿದರೆ "ನನ್ನ ಕಡೆ ನೋಡು." ಎರಡು ಸಲ ಬಡಿದರೆ "ತಪ್ಪು ಮಾಡ್ತಿದ್ದೀಯ." ಇವತ್ತು ಎಲ್ಲವೂ ಎರಡು ಸಲವೇ.

ಬೆಳ್ಳುಳ್ಳಿಯ ಒಂಬತ್ತು ಮಡಿಗಳಲ್ಲೂ ನೀರು ನಿಂತಿದೆ. ಹಸಿರು ಗರಿಗಳು ಬೆರಳುದ್ದ ಎದ್ದಿವೆ, ತುದಿ ಹಳದಿ. ಇಲ್ಲಿನ ಮಡಿಗಳೇ ಹಾಗೆ. ನೆಲಮಟ್ಟಕ್ಕಿಂತ ತಗ್ಗು, ಸುತ್ತ ಎತ್ತರದ ಬದು, ಬೆಟ್ಟದಿಂದ ಕಾಲುವೆಯಲ್ಲಿ ಬಂದ ಒಂದು ಹನಿಯೂ ಆಚೆ ಹೋಗದ ಹಾಗೆ. ಇಳಿಜಾರಿನ ತುದಿಯ ಬದು ಎಲ್ಲಕ್ಕಿಂತ ಎತ್ತರ. ನಲವತ್ತು ವರ್ಷ ಎಜೆಯ ಗಂಡ ಅದಕ್ಕೆ ಜೇಡಿಮಣ್ಣು ಮೆತ್ತಿ ಮೆತ್ತಿ ತೊಟ್ಟಿಯ ಗೋಡೆಯ ಹಾಗೆ ಮಾಡಿದ್ದಾರೆ. ನೀರನ್ನು ಒಳಗೆ ಬಿಡುವುದಕ್ಕೆ ಈ ಊರಿನಲ್ಲಿ ನೂರು ಉಪಾಯ. ಹೊರಗೆ ಕಳಿಸುವುದಕ್ಕೆ ಒಂದೂ ಇಲ್ಲ.

ಆ ಬದುವಿನ ಬಲಗಡೆಯ ಮೂಲೆಗೆ ನಾನು ಹೋಗುವುದಿಲ್ಲ.

ಏಪ್ರಿಲ್ 5, ಭಾನುವಾರ

ಬದುವಿನಾಚೆ ಪಕ್ಕದವರ ಹೊಲ, ಹಾಗಾಗಿ ಬಕೆಟ್ಟಿನಿಂದ ನೀರು ಎತ್ತಿ ಬೀದಿಯವರೆಗೆ ಹೊತ್ತು ಸುರಿದೆ. ಬೆಳಿಗ್ಗೆಯಿಂದ ನಲವತ್ತು ಬಕೆಟ್. ಸಂಜೆ ಮಳೆ ಬಂದು ಎಲ್ಲವನ್ನೂ ವಾಪಸು ಇಟ್ಟು ಹೋಯಿತು.

"ಸರೋವರಾನೂ ಬತ್ತಿಸ್ಬಿಡು, ಬಿಡುವಾದಾಗ," ಎಂದರು ಎಜೆ.

ಊಟಕ್ಕೆ ಕೂತಾಗ ಅವರ ಧ್ವನಿ ಬದಲಾಯಿತು. ಒಂದು ಗಿಡ ಕಿತ್ತು ತಾ ಎಂದರು. ತಂದೆ. ಬುಡ ಮೂಸಿದರು. ಎಸಳಿನ ಮೇಲೆ ಬೂದಿ ಬಣ್ಣದ ಲೋಳೆ. "ಇನ್ನೊಂದು ಮೂರು ವಾರ ಹೀಗೇ ನಿಂತರೆ ಮುಗೀತು," ಎಂದರು. ಮದುವೆಯಾಗಿ ಕಣಿವೆ ದಾಟಿ ಬರುವಾಗ ಅವರ ತಾಯಿ ತಲೆವಸ್ತ್ರದ ತುದಿಗೆ ಕಟ್ಟಿಕೊಟ್ಟ ಏಳು ಎಸಳಿನಿಂದ ಬೆಳೆದದ್ದು ಇದು. ಕೆನ್ನೀಲಿ ಸಿಪ್ಪೆ, ಗಟ್ಟಿ ಕಾಂಡ. ಈ ಬೀದಿಯಲ್ಲಿ ಬೇರೆ ಯಾರ ಹತ್ತಿರವೂ ಇಲ್ಲ. ಮನೆಯಲ್ಲಿ ಉಳಿದದ್ದೆಲ್ಲ ಕಾಲು ಮುರಿದ ಮೇಲೆ ನೋಡಲು ಬಂದವರ ಸಾರಿಗೆ ಹೋಯಿತು. ಈಗ ಇರುವುದೆಲ್ಲ ನೀರಿನಡಿಯಲ್ಲಿದೆ.

"ಅಮ್ಮ ಸತ್ತಾಗಲೂ ನಾನು ಹೋಗಕ್ಕಾಗ್ಲಿಲ್ಲ. ಆ ವರ್ಷ ಹಿಮ ಬಿದ್ದು ದಾರಿ ಮುಚ್ಚಿತ್ತು," ಎಂದರು. ಆಮೇಲೆ, ಉಪ್ಪು ಜಾಸ್ತಿಯಾಗಿದೆ ಎಂದರು.

ಏಪ್ರಿಲ್ 9, ಗುರುವಾರ

ಕಿಟಕಿಯ ಕಟ್ಟೆಯ ಮೇಲೆ ಹಾಲಿನ ಡಬ್ಬಗಳಲ್ಲಿ ಟೊಮ್ಯಾಟೊ ಸಸಿಗಳು ಬೆಳಕು ಸಾಲದೆ ಉದ್ದುದ್ದ ಬಾಗಿವೆ. ಹೊರಗೆ ನೆಡುವ ಹಾಗಿಲ್ಲ. ಬೆರಣಿ ಹಸಿ. ಒಲೆ ಬರೀ ಹೊಗೆ. ಕೈ ಬಿರುಕು ಬಿಟ್ಟು ಪೆನ್ನು ಹಿಡಿದರೆ ಉರಿಯುತ್ತದೆ.

ನಗರದ ಗ್ರಂಥಾಲಯದಿಂದ ಇನ್ನೂ ಉತ್ತರವಿಲ್ಲ. ಹಳೆಯ ಪುಸ್ತಕಗಳ ಪಟ್ಟಿ ಮಾಡುವ ಕೆಲಸ, ನೆಲಮಾಳಿಗೆಯಲ್ಲಿ, ಮೂಲೆಯ ಕುರ್ಚಿ. ಮಾತಾಡಬೇಕಾದ ಅಗತ್ಯವೇ ಇರುವುದಿಲ್ಲವಂತೆ. ನನಗೆಂದೇ ಮಾಡಿಸಿದ ಹಾಗಿದೆ.

ಏಪ್ರಿಲ್ 14, ಮಂಗಳವಾರ

ಎಜೆ ಬಲವಂತ ಮಾಡಿ ನನ್ನನ್ನು ನೀರುಗಂಟಿ ಶಾರ್ಶೆನ್ ಅವರ ಮನೆಗೆ ಅಟ್ಟಿದರು. ಕಾಲುವೆಯ ಕೀಲಿಕೈ ಅವರದು, ಯಾವ ಮನೆಗೆ ಯಾವ ದಿನ ನೀರು ಎಂದು ಹೇಳುವವರು ಅವರೇ. ಗೇಟಿನ ಮುಂದೆ ಮೂರು ಸಲ ಹೋಗಿ ಮೂರು ಸಲ ತಿರುಗಿ ಬಂದೆ. ನಾಯಿ ನನಗಿಂತ ಮೊದಲು ಬೇಸತ್ತು ಬೊಗಳಿತು.

"ಏನಮ್ಮ, ಸೊನುನ್ ಮನೆ ಮೂಗಿ ಅಲ್ವಾ ನೀನು? ಒಳಗೆ ಬಾ. ಚಹಾ ಕುಡಿ."

ಊರಿನಲ್ಲಿ ನನಗೆ ಆ ಹೆಸರಿದೆ ಎಂದು ಗೊತ್ತಿತ್ತು. ಎದುರಿಗೇ ಕೇಳಿದ್ದು ಇದೇ ಮೊದಲು. ತೋಟದ ನೀರು ಆಚೆ ಕಳಿಸಬೇಕು ಎಂದು ಚಹಾ ಬಟ್ಟಲಿಗೆ ಹೇಳಿದೆ.

ಶಾರ್ಶೆನ್ ಮೀಸೆ ಒರೆಸಿಕೊಂಡು ನಕ್ಕರು. "ಮೂವತ್ತು ವರ್ಷದಿಂದ ಜನ ನೀರು ಕೊಡಿ ಅಂತ ನನ್ನ ಕತ್ತಿನ ಪಟ್ಟಿ ಹಿಡಿದಿದಾರೆ. ವಾಪಸ್ ತಗೊಳ್ಳಿ ಅಂತ ಬಂದವಳು ನೀನೊಬ್ಬಳೇ ಕಣಮ್ಮ. ಹೋದ ವರ್ಷ ಮಳೆ ಬೇಡಿ ಊರೆಲ್ಲ ಸೇರಿ ಕುರಿ ಕೊಯ್ದ್ವಿ. ಕುರಿ ಸ್ವಲ್ಪ ದೊಡ್ಡದಾಯ್ತು ಅಂತ ಕಾಣ್ಸುತ್ತೆ."

ಅವರ ಹೆಂಡತಿ ಒಳಗಿನಿಂದ, "ಅಗ್ಗದ್ದು ತರ್ತೀನಿ ಅಂದೋರು ನೀವೇ, ತಂದಿದ್ದು ಮಾತ್ರ ಎತ್ತಿನಷ್ಟು!" ಎಂದರು.

ಆಮೇಲೆ ಶಾರ್ಶೆನ್ ನಗುವುದನ್ನು ಬಿಟ್ಟರು. ಬೆಳ್ಳುಳ್ಳಿ ಉಳಿಯಬೇಕಾದರೆ ಕೆಳಗಿನ ಬದು ಕಡಿಯಬೇಕು, ನೀರು ಕೆಳಗಿನ ಮನೆಯ ಕಾಲಿಚಾಳ ಹೊಲ ಹಾದು ಕೊಳ್ಳಕ್ಕೆ ಇಳಿಯಬೇಕು, ಬೇರೆ ದಾರಿಯಿಲ್ಲ ಎಂದರು. "ಆದ್ರೆ ಅದು ಎರಡು ಮನೆ ನಡುವಿನ ಬದು. ಎರಡೂ ಮನೆ ಒಪ್ಪದೆ ಅದಕ್ಕೆ ಗುದ್ದಲಿ ತಾಗಿಸಿದರೆ ಆ ಗುದ್ದಲೀನ ನಾನೇ ಕಿತ್ಕೊಳ್ತೀನಿ. ಅದ್ರಲ್ಲೂ ಆ ಬದು. ನಿಂಗೆ ಗೊತ್ತಲ್ಲ."

ಗೊತ್ತು.

ಏಪ್ರಿಲ್ 15

ಎಜೆಗೆ ಹೇಳಿದೆ. "ಆ ಕಳ್ಳಿ ಮನೆ ಬಾಗಿಲಿಗೆ ಹೋಗೋದಕ್ಕಿಂತ ಎಲ್ಲಾ ಕೊಳೀಲಿ," ಎಂದು ಗೋಡೆಯ ಕಡೆ ತಿರುಗಿದರು.

ಮಳೆ.

ಏಪ್ರಿಲ್ 17, ಶುಕ್ರವಾರ

ಇದನ್ನು ಎಲ್ಲಿಯೂ ಬರೆದಿಲ್ಲ. ಇಲ್ಲಿಯೂ ಬರೆಯಬಾರದೆಂದಿದ್ದೆ.

ಹನ್ನೊಂದು ವರ್ಷದ ಹಿಂದೆ, ನನಗೆ ಹನ್ನೆರಡು. ಬೇಸಿಗೆ ರಜೆ, ಹನಿ ನೀರಿಲ್ಲದ ವರ್ಷ. ಹತ್ತು ದಿನಕ್ಕೊಮ್ಮೆ ಅರ್ಧ ದಿನ ಮಾತ್ರ ಎಜೆಯ ಸರದಿ. ಆ ದಿನ ಎಜೆ ತಮ್ಮ ಗಂಡ, ನನ್ನ ಮಾವನ ಜೊತೆ ಯಾರದೋ ತಿಥಿಯೂಟಕ್ಕೆ ಹೋಗಿದ್ದರು. ನಾನೊಬ್ಬಳೇ ಇದ್ದೆ. ಜೊಂಡು, ಜಾಮ್ ಡಬ್ಬದ ಮುಚ್ಚಳ, ಒಂದು ಕಡ್ಡಿ, ಇಷ್ಟರಲ್ಲಿ ಒಂದು ಪುಟ್ಟ ನೀರಿನ ಚಕ್ರ ಮಾಡಿದ್ದೆ. ಅದು ತಿರುಗಬೇಕಾದರೆ ನೀರು ಬೀಳಬೇಕು. ಕೆಳಗಿನ ಬದುವಿನ ಬಲಮೂಲೆಯಲ್ಲಿ ಒಂದು ಹೆಂಟೆ ಕಿತ್ತೆ. ಒಂದೇ ಒಂದು. ಚಕ್ರ ತಿರುಗಿತು. ಆಮೇಲೆ ಬದುವೇ ಕುಸಿಯಿತು. ಕೈಯಿಂದ, ಹೊಟ್ಟೆಯಿಂದ ತಡೆಯಲು ನೋಡಿದೆ. ಆಗಲಿಲ್ಲ. ಓಡಿಹೋಗಿ ಅಟ್ಟದ ಮೇಲೆ ಕೂತು ಪುಸ್ತಕ ಓದಿದೆ. ಯಾವ ಪುಸ್ತಕ ಎಂದು ನೆನಪಿಲ್ಲ, ಪುಟ ಮಗುಚಿದ್ದು ಮಾತ್ರ ನೆನಪಿದೆ.

ಸರದಿಯ ನೀರೆಲ್ಲ ಕಾಲಿಚಾ ಅವರ ಆಲೂಗಡ್ಡೆಗೆ ಹೋಗಿತ್ತು. ಎಜೆ ಅದೇ ವಾರ ಒಂದು ಮದುವೆಮನೆಯಲ್ಲಿ, ಎಲ್ಲರೂ ಊಟಕ್ಕೆ ಕೂತಿದ್ದಾಗ, ಕಾಲಿಚಾ ಅವರನ್ನು ನೀರುಕಳ್ಳಿ ಎಂದರು. ಕಾಲಿಚಾ ಮುಂದಿದ್ದ ರೊಟ್ಟಿಯನ್ನು ಎರಡು ಕೈಯಲ್ಲಿ ಎತ್ತಿ, "ನಾನು ಕಡಿದಿದ್ರೆ ಈ ರೊಟ್ಟೀನೇ ನನ್ನ ಹೊಡೀಲಿ" ಎಂದು ಆಣೆ ಮಾಡಿದರು. ರೊಟ್ಟಿಯ ಮೇಲೆ ಆಣೆ ಇಟ್ಟ ಮೇಲೆ ಯಾರೂ ಎರಡನೇ ಮಾತಾಡುವುದಿಲ್ಲ. ಎಜೆ ಆಡಿದರು. "ರೊಟ್ಟಿಗೂ ಸುಳ್ಳು ಹೇಳ್ತೀಯಾ?" ಎಂದರು.

ನಾನು ಅಲ್ಲೇ ಇದ್ದೆ, ಮೇಜುಬಟ್ಟೆಯ ಅಂಚಿನಲ್ಲಿ. ಬಾಯಿ ತುಂಬಾ ಅನ್ನವಿತ್ತು.

ಅಂದಿನಿಂದ ಎರಡು ಮನೆಗೂ ಮಾತಿಲ್ಲ. ಕಾಲಿಚಾ ಅವರ ಮಗನ ಮದುವೆಗೆ ಎಜೆ ಹೋಗಲಿಲ್ಲ. ಮಾವ ತೀರಿಕೊಂಡಾಗ ಕಾಲಿಚಾ ಗೇಟಿನ ಹೊರಗೆ ನಿಂತು ಅತ್ತು ಹೋದರು.

ನಾನು ಮೊದಲಿಂದಲೂ ಕಡಿಮೆ ಮಾತಿನವಳು ಎಂದು ಎಲ್ಲರೂ ಹೇಳುತ್ತಾರೆ. ಮೊದಲಿಂದ ಅಲ್ಲ.

ಏಪ್ರಿಲ್ 19, ಭಾನುವಾರ

ಹೋದೆ. ಬೀದಿಯ ದಾರಿಯಲ್ಲಿ, ಯಾಕೆಂದರೆ ಹಿಂದಿನ ದಾರಿ ಪೂರ್ತಿ ಮುಳುಗಿದೆ.

ಕಾಲಿಚಾ ದನದ ಕೊಟ್ಟಿಗೆಯಲ್ಲಿದ್ದರು. ನನ್ನನ್ನು ನೋಡಿ, "ಯಾರು ಸತ್ತರು?" ಎಂದರು. ಸೊನುನ್ ಮನೆಯಿಂದ ಯಾರಾದರೂ ಬಂದರೆ ಬೇರೆ ಕಾರಣ ಅವರಿಗೆ ಹೊಳೆಯಲಿಲ್ಲ.

ನಿಂತಲ್ಲೇ ಹೇಳಿದೆ. ಚಕ್ರ, ಹೆಂಟೆ, ಅಟ್ಟ, ಎಲ್ಲ. ಹಸುವನ್ನು ನೋಡಿಕೊಂಡು ಹೇಳಿದೆ. ಮುಗಿದ ಮೇಲೂ ಅವರು ಹಾಲು ಕರೆಯುತ್ತಲೇ ಇದ್ದರು. ಬಕೆಟ್ ಅರ್ಧಕ್ಕೆ ಬಂದ ಮೇಲೆ ಎದ್ದರು.

"ನಂಗ್ಯಾಕೆ ಹೇಳ್ತಿದ್ದೀಯ?"

ಬದು ಕಡಿಯಲು ಒಪ್ಪಿಗೆ ಬೇಕು, ಬೆಳ್ಳುಳ್ಳಿ ಕೊಳೆಯುತ್ತಿದೆ ಎಂದೆ.

"ಅದಲ್ಲ ನಾನು ಕೇಳಿದ್ದು. ನಾನು ಕಡಿದಿಲ್ಲ ಅನ್ನೋದು ನಂಗೆ ಹನ್ನೊಂದು ವರ್ಷದಿಂದ ಗೊತ್ತು. ಗೊತ್ತಿರೋಳಿಗೆ ಬಂದು ಹೇಳೋದು ಸುಲಭ. ಗೊತ್ತಿಲ್ಲದೋಳು ಆ ಕಿಟಕಿ ಹತ್ರ ಮಲಗಿದಾಳೆ. ಹೋಗು, ಅವಳಿಗೆ ಹೇಳು."

"ಬದು?"

"ಮೊದ್ಲು ಹೇಳು. ಆಮೇಲೆ ಬದು."

ಹೊರಡುವಾಗ ಕೈಗೆ ಹಾಲಿನ ಚೊಂಬು ತುರುಕಿದರು. "ಇದು ನಿಂಗಲ್ಲ, ಅವಳ ಮೂಳೆಗೆ. ಎಲ್ಲಿಂದ ಬಂತು ಅಂತ ಹೇಳ್ಬೇಡ, ಚೆಲ್ತಾಳೆ."

ಏಪ್ರಿಲ್ 20

ಹೇಳಲಿಲ್ಲ. ಎಜೆ ಹಾಲು ಕುಡಿದು, "ಇವತ್ತಿನ ಹಾಲು ಚೆನ್ನಾಗಿದೆ," ಎಂದರು.

ಏಪ್ರಿಲ್ 21

ಹೇಳಲಿಲ್ಲ. ಎರಡು ಮಡಿಗಳಲ್ಲಿ ಗರಿಗಳು ಮಲಗಿವೆ. ಎಳೆದರೆ ಬೇರಿಲ್ಲದೆ ಕೈಗೆ ಬರುತ್ತವೆ.

ಏಪ್ರಿಲ್ 22, ಬುಧವಾರ

ಬೆಳಿಗ್ಗೆ ಇನ್ನೆರಡು ಮಡಿ ಹೋದವು, ಒಟ್ಟು ನಾಲ್ಕು. ಕೊಳೆತ ಗಿಡಗಳನ್ನು ಒಂದು ತಟ್ಟೆಯಲ್ಲಿಟ್ಟು ಎಜೆಗೆ ತೋರಿಸಿದೆ. ಅವರು ಒಂದೊಂದೇ ಎತ್ತಿ, ಸಿಪ್ಪೆ ಬಿಡಿಸಿ, ಒಳಗೆ ಗಟ್ಟಿಯಿರುವ ಎಸಳು ಒಂದಾದರೂ ಇದೆಯೇ ಎಂದು ಹುಡುಕಿದರು. ಹತ್ತು ಗಿಡ ಬಿಡಿಸಿದರು. ಹತ್ತನೆಯದನ್ನು ಹಿಡಿದು ಹಾಗೇ ಕೂತರು.

ಆಗ ಹೇಳಿದೆ. ಈ ಸಲ ನೋಡಲು ಹಸು ಇರಲಿಲ್ಲ.

ಎಜೆ ಕೈಯಲ್ಲಿದ್ದ ಗಿಡವನ್ನು ತಟ್ಟೆಗೆ ಇಟ್ಟರು. "ದೀಪ ಹಾಕು," ಎಂದರು. ಮಧ್ಯಾಹ್ನ ಎರಡು ಗಂಟೆ. ಹಾಕಿದೆ. ನನ್ನ ಮುಖ ನೋಡಿದರು. ಬೈಯುತ್ತಾರೆ ಎಂದುಕೊಂಡೆ. "ಆರಿಸು," ಎಂದರು.

ರಾತ್ರಿಯೂಟಕ್ಕೆ ಎಬ್ಬಿಸಿದರೆ ಏಳಲಿಲ್ಲ.

ಏಪ್ರಿಲ್ 23, ಗುರುವಾರ

ಎಷ್ಟು ದಣಿದಿದ್ದೇನೆಂದರೆ ಅಕ್ಷರಗಳು ಸಾಲು ಬಿಟ್ಟು ಇಳಿಯುತ್ತಿವೆ. ಆದರೂ ಬರೆಯುತ್ತೇನೆ.

ಬೆಳಕು ಹರಿದ ಮೇಲೆ ಚಮಚದ ಸದ್ದು. ಒಂದು ಸಲ. ಹೋದರೆ ಎಜೆ ಒಳ್ಳೆಯ ತಲೆವಸ್ತ್ರ ಕಟ್ಟಿಕೊಂಡು ಮಂಚದ ಅಂಚಿಗೆ ಕೂತಿದ್ದಾರೆ. "ಹಿಟ್ಟು ನಾದು," ಎಂದರು. ರೊಟ್ಟಿ ಬೇಯಿಸಿದೆ. ಒಂದು ಬದಿ ಕರಿಯಾಯಿತು. "ಇರ್ಲಿ, ಅವಳಿಗೆ ಇದು ಸಾಕು," ಎಂದರು. ಆಮೇಲೆ, "ಇಲ್ಲ, ಇನ್ನೊಂದು ಮಾಡು."

ಪ್ಲಾಸ್ಟರಿಗೆ ಸಸಿ ಮುಚ್ಚುವ ಪ್ಲಾಸ್ಟಿಕ್ ಹಾಳೆ ಸುತ್ತಿ, ಗೊಬ್ಬರ ಸಾಗಿಸುವ ಒಂಟಿ ಚಕ್ರದ ತಳ್ಳುಗಾಡಿಯಲ್ಲಿ ದಿಂಬು ಹಾಕಿ ಅವರನ್ನು ಕೂರಿಸಿದೆ. ಕಾಲು ಮುಂದಕ್ಕೆ ಫಿರಂಗಿಯ ಹಾಗೆ ಚಾಚಿತ್ತು. ಮಡಿಲಲ್ಲಿ ರೊಟ್ಟಿ. ಬೀದಿಯ ಕೆಸರಿನಲ್ಲಿ ಹತ್ತು ಹೆಜ್ಜೆಗೊಮ್ಮೆ ಹೂತುಹೋಗುತ್ತಿತ್ತು. ಬಾಗಿಲು ಬಾಗಿಲಲ್ಲಿ ಜನ.

"ಎಲ್ಲಿಗೆ ಸೊನುನ್, ಹಸೆಮಣೆಗಾ?"

"ನಿಮ್ಮಪ್ಪನ ಮನೆಗೆ," ಎಂದರು ಎಜೆ, ತಲೆ ತಿರುಗಿಸದೆ.

ಕಾಲಿಚಾ ಅವರ ಗೇಟಿನ ಮುಂದೆ ಗಾಡಿ ಪೂರ್ತಿ ಕೂತುಬಿಟ್ಟಿತು. ನಾನು ಎತ್ತಲಾರೆ, ಎಜೆ ಇಳಿಯಲಾರರು. ಕಾಲಿಚಾ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. ಹನ್ನೊಂದು ವರ್ಷದ ಮೇಲೆ ಇಬ್ಬರೂ ಮುಖ ನೋಡಿಕೊಂಡದ್ದು ಹೀಗೆ: ಒಬ್ಬರು ಗೊಬ್ಬರದ ಗಾಡಿಯಲ್ಲಿ, ಇನ್ನೊಬ್ಬರು ರಬ್ಬರ್ ಬೂಟಿನಲ್ಲಿ.

ಎಜೆ ರೊಟ್ಟಿಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದರು. "ನೀನು ರೊಟ್ಟಿ ಮೇಲೆ ಆಣೆ ಇಟ್ಟೆ. ನಾನು ನಂಬ್ಲಿಲ್ಲ. ಆ ರೊಟ್ಟಿ ನಂಗೇ ಹೊಡೀತು ನೋಡು, ಕಾಲಿಗೆ."

ಕಾಲಿಚಾ ಆ ಕಾಲನ್ನು ನೋಡಿದರು. "ಹೊಡೆಯಕ್ಕೆ ಹನ್ನೊಂದು ವರ್ಷ ಬೇಕಾಯ್ತಾ? ಹಳಸಿದ ರೊಟ್ಟಿ ಇರ್ಬೇಕು."

ಯಾರೋ ನಕ್ಕರು. ಎಜೆ ನಗಲಿಲ್ಲ, ರೊಟ್ಟಿ ಇಳಿಸಲೂ ಇಲ್ಲ. ಮಳೆ ಹನಿ ಅದರ ಮೇಲೆ ಬೀಳುತ್ತಿತ್ತು. ಕಾಲಿಚಾ ಮುಂದೆ ಬಂದು, ಅಂಚಿನಿಂದ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡರು. ಇನ್ನೊಂದು ತುಂಡು ಎಜೆಯ ಬಾಯಿಗಿಟ್ಟರು. ಇಬ್ಬರೂ ಅಗಿದರು. ಅಗಿಯುತ್ತಾ ಅಗಿಯುತ್ತಾ ಎಜೆಯ ಕಣ್ಣಿಂದ ನೀರು ಇಳಿಯಿತು. "ಗಂಡನ ಸಾವಿಗೆ ಬಂದು ಹೊರಗೇ ನಿಂತೆಯಲ್ಲೇ, ಪಾಪಿ," ಎಂದರು.

"ಒಳಗೆ ಬಂದಿದ್ರೆ ಚಹಾ ಕೊಡ್ತಿದ್ಯಾ?"

"ಕೊಡ್ತಿರ್ಲಿಲ್ಲ."

"ಮತ್ತೆ?"

ಅಷ್ಟರಲ್ಲಿ ಶಾರ್ಶೆನ್ ಬಂದಿದ್ದರು. ಎಲ್ಲರ ಎದುರಿಗೆ, ಎರಡೂ ಮನೆಗೆ ಒಪ್ಪಿಗೆಯೇ ಎಂದು ಕೇಳಿದರು. ಕಾಲಿಚಾ ಒಳಗೆ ಹೋಗಿ ಗುದ್ದಲಿ ತಂದರು.

"ಅವತ್ತು ಕಡೀದೆ ಕಳ್ಳಿ ಅನ್ನಿಸ್ಕೊಂಡೆ. ಇವತ್ತಾದ್ರೂ ಕಡಿದು ಲೆಕ್ಕ ಸರಿಮಾಡ್ಕೊಳ್ತೀನಿ. ಎಲ್ಲಿ, ಮೂಗಿ, ಜಾಗ ತೋರ್ಸು. ನಿಂಗೇ ಗೊತ್ತಲ್ಲ ಆ ಜಾಗ."

ಬಲಮೂಲೆಯನ್ನು ತೋರಿಸಿದೆ.

ಏಪ್ರಿಲ್ 25, ಶನಿವಾರ

ನೆನ್ನೆ, ಇವತ್ತು ಕಾಲುವೆ ತೋಡಿದ್ದು. ಕಾಲಿಚಾ ಎಜೆಯ (ಅವರನ್ನೂ ಇನ್ನು ಹಾಗೇ ಕರೆಯುತ್ತೇನೆ) ಹೊಲದ ಮಧ್ಯೆ ಕೊಳ್ಳದವರೆಗೆ ನೇರವಾಗಿ. ಎಂಟು ಮನೆಯವರು ಬಂದರು. ಕರೆಯಲು ಬೆಳಿಗ್ಗೆ ನಾನೇ ಹೋಗಿದ್ದೆ, ಬೇರೆ ಯಾರಿದ್ದಾರೆ. ನೀರು ಕಂದು ಬಣ್ಣದಲ್ಲಿ ಸದ್ದು ಮಾಡುತ್ತಾ ಇಳಿಯಿತು. ಎಜೆ ಕಿಟಕಿಯಲ್ಲಿ ಚಮಚ ಬಡಿಯುತ್ತಿದ್ದರು. ಲೆಕ್ಕವೇ ಇಲ್ಲದಷ್ಟು ಸಲ.

ಮಧ್ಯಾಹ್ನ ಎಲ್ಲರೂ ಕರಿದ ಹಿಟ್ಟುಂಡೆ, ಚಹಾ ಮುಗಿಸಿ ಹೋದ ಮೇಲೆ ಕಾಲಿಚಾ ಎಜೆ ಕಾಲುವೆಯ ಅಂಚಿನಲ್ಲಿ ಕೂತು ಬೂಟಿನ ಕೆಸರು ಕೆರೆಯುತ್ತಾ, ನನ್ನ ಕಡೆ ನೋಡದೆ ಕೇಳಿದರು:

"ಅವತ್ತು ಆ ಚಕ್ರ ತಿರುಗ್ತಾ?"

"ತಿರುಗ್ತು."

"ಎಷ್ಟು ಹೊತ್ತು?"

"ಸ್ವಲ್ಪ ಹೊತ್ತು. ಚೆನ್ನಾಗಿ ತಿರುಗ್ತು."

"ಹ್ಞೂಂ," ಎಂದು ಇನ್ನೊಂದು ಬೂಟು ಕೆರೆದರು.

ಮೇ 6, ಬುಧವಾರ

ಬಿಸಿಲು ಒಂದು ಗಂಟೆ. ಆಮೇಲೆ ಆಲಿಕಲ್ಲು. ಒಂಬತ್ತರಲ್ಲಿ ಮೂರು ಮಡಿ ನಿಂತಿವೆ, ನಾಲ್ಕನೆಯದು ಅನುಮಾನ. ಉಳಿದ ಐದನ್ನು ಅಗೆದು ಸುಟ್ಟೆವು. ಒದ್ದೆ ಗರಿ ಸುಲಭಕ್ಕೆ ಸುಡುವುದಿಲ್ಲ. ಮೈಯೆಲ್ಲ ಹೊಗೆ ವಾಸನೆ.

ಗ್ರಂಥಾಲಯದಿಂದ ಪತ್ರ ಬಂದಿದೆ, ಕೆಲಸಕ್ಕೆ ಬನ್ನಿ ಎಂದು. ಲಕೋಟೆ ಗಟ್ಟಿಯಾಗಿದೆ, ಮೂಲಂಗಿ ಬೀಜ ಹಾಕಿಟ್ಟೆ.

ಮೇ 24, ಭಾನುವಾರ

ಪ್ಲಾಸ್ಟರ್ ಬಿಚ್ಚಿದರು. ಕಾಲು ಸುಲಿದ ಕೋಲಿನ ಹಾಗಿದೆ. ಎಜೆ ಅದನ್ನು ನೋಡಿ, "ಇದು ನಂದಲ್ಲ, ಬದಲಾಯ್ಸಿದಾರೆ," ಎಂದು ಡಾಕ್ಟರ ಜೊತೆ ಜಗಳ ಮಾಡಿದರು. ಟೊಮ್ಯಾಟೊ ನೆಟ್ಟೆ. ಅರ್ಧ ಸಾಯುತ್ತವೆ ಎಂದು ಶಾರ್ಶೆನ್, ಪೂರ್ತಿ ಸಾಯುತ್ತವೆ ಎಂದು ಅವರ ಹೆಂಡತಿ. ಸಂಜೆ ಅವರಲ್ಲೇ ಊಟ.

ಸೊಂಟ ನೋವು. ಬೇಗ ಮಲಗುತ್ತೇನೆ.

ಜುಲೈ 18, ಶನಿವಾರ

ಎರಡು ತಿಂಗಳಿಂದ ಬರೆದಿಲ್ಲ. ಬರೆಯುವಂಥದ್ದು ಏನೂ ಆಗಿಲ್ಲ.

ಬೆಳ್ಳುಳ್ಳಿ ಕಿತ್ತೆವು. ಮೂರೂವರೆ ಮಡಿ. ಗಡ್ಡೆ ಸಣ್ಣದು, ಆದರೆ ಸಿಪ್ಪೆ ಅದೇ ಕೆನ್ನೀಲಿ. ಎಜೆ ಕೋಲೂರಿಕೊಂಡು ಬಂದು ಕೂತು ಜಡೆ ಹೆಣೆದರು. ಪಕ್ಕದಲ್ಲಿ ಕಾಲಿಚಾ ಎಜೆ. ಅವರ ಜಡೆ ಸಡಿಲ ಎಂದು ಇವರು, ಇವರದು ಹಗ್ಗದಂತೆ ಬಿಗಿ ಎಂದು ಅವರು. ನಮ್ಮ ಎಜೆ ಏಳು ಎಸಳು ಬಟ್ಟೆಯ ತುದಿಗೆ ಕಟ್ಟಿ ಕಾಲಿಚಾ ಎಜೆಯ ಕೈಗೆ ಕೊಟ್ಟರು. "ನನ್ನ ಹೊಲ ಮುಳುಗಿದ್ರೆ ನಿನ್ನದ್ರಲ್ಲಿ ಇರುತ್ತೆ," ಎಂದರು.

"ನನ್ನದೂ ಮುಳುಗಿದ್ರೆ?"

"ಆಗ ನೀನು ಗಾಡೀಲಿ ಕೂರು, ನಾನು ತಳ್ತೀನಿ."

ಬದು ಕಡಿದ ಜಾಗವನ್ನು ಮಣ್ಣಿನಿಂದ ಮುಚ್ಚಲಿಲ್ಲ. ಒಂದು ಹಲಗೆ ಇಟ್ಟಿದ್ದಾರೆ. ಯಾವ ಕಡೆಯಿಂದ ಬೇಕಾದರೂ ಎತ್ತಬಹುದು, ಇಳಿಸಬಹುದು.

ಮಳೆ ನಿಂತು ಐದು ವಾರ. ನೆಲ ಬಿರಿದಿದೆ. ಇವತ್ತು ನಮ್ಮ ಸರದಿ. ಹಲಗೆ ಎತ್ತಿಯೇ ಇತ್ತು, ಅದನ್ನು ಇಬ್ಬರೂ ಮರೆತು ಜಡೆಯ ಬಗ್ಗೆ ವಾದಿಸುತ್ತಿದ್ದರು. ನಾನು ಮೇಲಿನ ತೂಬಿನ ಹತ್ತಿರ ಇದ್ದೆ. ನೀರು ಬಂದೇಬಿಟ್ಟಿತು. ಅಲ್ಲಿಂದಲೇ ಕೂಗಿದೆ: "ನೀರು ಬಂತು! ಹಲಗೆ ಇಳಿಸ್ರೀ! ಎಜೆ! ಹಲಗೆ, ಹಲಗೆ!"

ಬೀದಿಯ ನಾಯಿಗಳೆಲ್ಲ ಬೊಗಳಿದವು. ಕಾಲಿಚಾ ಎಜೆ ಎದ್ದು ಓಡಿ ಹಲಗೆ ಇಳಿಸಿದರು. ಎಜೆ ಹಣೆಗೆ ಕೈಯಿಟ್ಟು ಮೇಲೆ ನೋಡುತ್ತಾ, "ಯಾರೇ ಅದು, ಹಾಗೆ ಕಿರುಚ್ತಿರೋದು?" ಎಂದದ್ದು ತೂಬಿನವರೆಗೂ ಕೇಳಿಸಿತು.

"ಇನ್ಯಾರು, ನಿನ್ನ ಮೂಗಿ," ಎಂದರು ಕಾಲಿಚಾ ಎಜೆ.

ಒಂದು ಹನಿಯೂ ಆಚೆ ಹೋಗಲಿಲ್ಲ. ಟೊಮ್ಯಾಟೊಗೂ ಸಾಕಾಯಿತು. ಈಗ ಯಾಕೋ ಗಂಟಲು ನೋಯುತ್ತಿದೆ. ಕಾಲುವೆಯ ತಣ್ಣೀರು ಕುಡಿದದ್ದಕ್ಕೇ ಇರಬೇಕು.